ಮೂರು ವಾರದ ಮಳೆ ಎಲ್ಲಿ ಹೋಯ್ತು?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಅದಕ್ಕೊಂದು ಸಣ್ಣ ಆಪ್ ಮಾಡಿಕೊಟ್ಟೆ. ಅದು ಓಡುವುದು ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ. ಬ್ಯಾಟರಿ ಸತ್ತಿದೆ, ಕರೆಂಟ್ ಹೋದರೆ ಅದೂ ಹೋಯಿತು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟಿನ ಕತೆ ಗೊತ್ತಲ್ಲ.

ಲೆಕ್ಕ ಇಡಲು ಮೊದಲು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಹಾಕಿದ್ದೆ. ಆಫೀಸಿನಲ್ಲಿ ಬಳಸುವುದು ಅದೇ, ಕೈ ತಾನಾಗಿ ಅಲ್ಲಿಗೇ ಹೋಯಿತು. ಎಷ್ಟು ಸಲ ಕರೆಂಟ್ ಹೋದರೂ ಅದು ಕೈಕೊಡಲಿಲ್ಲ. ಕೆಡಿಸಿದ್ದು ನಾನೇ. ಅದನ್ನು ಓಡಿಸುವ ಡಾಕರ್ ಅನ್ನುವ ತಂತ್ರಾಂಶದ ಫೈಲಿನಲ್ಲಿ ಪೋಸ್ಟ್‌ಗ್ರೆಸ್‌ನ ವರ್ಷನ್ ನಂಬರ್ ಹಾಕದೆ ಸುಮ್ನೆ 'ಲೇಟೆಸ್ಟ್' ಅಂತ ಬರೆದಿದ್ದೆ. ಒಂದು ದಿನ ಅಪ್‌ಡೇಟ್ ಮಾಡಿದಾಗ 15 ಹೋಗಿ 16 ಬಂತು, ಹಳೇ ಡೇಟಾ ನನಗೆ ಆಗಿಬರುವುದಿಲ್ಲ ಅಂತ ನಿಂತೇಬಿಟ್ಟಿತು. ಹಳೆಯದರಲ್ಲಿ ಡಂಪ್, ಅಂದರೆ ಡೇಟಾದ ಪೂರ್ತಿ ನಕಲು, ತೆಗೆದು ಹೊಸದಕ್ಕೆ ತುಂಬಬೇಕು, ಇಲ್ಲವೇ ಹಳೇ ಡೇಟಾವನ್ನು ಹೊಸ ವರ್ಷನ್‌ಗೆ ಹೊಂದಿಸುವ ಪಿಜಿ ಅಪ್‌ಗ್ರೇಡ್ ಓಡಿಸಬೇಕು. ದಿನಕ್ಕೊಂದು ಸಾಲಿನ ಲೆಕ್ಕಕ್ಕೆ ಇದು ಜಾಸ್ತಿಯಾಯಿತು ಅನ್ನಿಸಿತು. ಮಾರಿಯಾಡಿಬಿ ಅನ್ನುವ ಇನ್ನೊಂದು ಡೇಟಾಬೇಸನ್ನು ಪ್ರಯತ್ನಿಸಲೇ ಇಲ್ಲ. ಅದೂ ಸಾಕಬೇಕಾದ ಇನ್ನೊಂದು ಸರ್ವರ್ರೇ.

ಹಾಗೆ ಎಸ್‌ಕ್ಯುಲೈಟ್ ಅನ್ನುವ ಪುಟ್ಟ ಡೇಟಾಬೇಸ್‌ಗೆ ಬಂದೆ. ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಒಂದೇ ಫೈಲ್. 2000ದಿಂದ ಇದೆ, ಪಬ್ಲಿಕ್ ಡೊಮೇನ್ ಆದ್ದರಿಂದ ಲೈಸೆನ್ಸ್ ತಲೆನೋವೂ ಇಲ್ಲ. ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು ಅನ್ನುವುದು ಅದರ ಮೇಲಿನ ದೂರು. ನಮ್ಮಲ್ಲಿ ಬರೆಯುವವರು ಅಪ್ಪ ಒಬ್ಬರೇ ಅಲ್ವಾ!

ಅದರಲ್ಲಿ ಡೇಟಾ ಬರೆಯುವ ವಿಧಾನಗಳಲ್ಲೊಂದಾದ ವಾಲ್ ಮೋಡ್ ಹಾಕಿದೆ. ದಿನಾ ರಾತ್ರಿ ಆ ಫೈಲ್ ಪೆನ್‌ಡ್ರೈವ್‌ಗೆ ಕಾಪಿ ಆಗುವ ಹಾಗೆ, ಹೇಳಿದ ಹೊತ್ತಿಗೆ ಕೆಲಸ ಮಾಡುವ ಕ್ರಾನ್ ಇಟ್ಟೆ. ಜುಲೈನಲ್ಲಿ ಡಿಸ್ಕ್ ಕೆಟ್ಟಿತು. ಬ್ಯಾಕಪ್ ಇದೆ ಅಂತ ಜಂಬದಿಂದ ತೆರೆದು ತೋರಿಸಿದೆ. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು. "ಮೂರು ವಾರದ ಮಳೆ ಎಲ್ಲಿ ಹೋಯ್ತೋ?"

ಆ ವಾಲ್ ಮೋಡ್‌ನಲ್ಲಿ ಹೊಸ ಸಾಲುಗಳು ಮೊದಲು ಪಕ್ಕದ ಇನ್ನೊಂದು ಫೈಲಿಗೆ ಹೋಗುತ್ತವೆ. ಅದು ಸುಮಾರು 1000 ಪುಟ, ಅಂದರೆ 4 ಎಂಬಿ ತುಂಬಿದ ಮೇಲೆ ಮುಖ್ಯ ಫೈಲಿಗೆ ಸೇರುತ್ತವೆ. ಆಪ್ ನೆಟ್ಟಗೆ ಮುಚ್ಚಿದರೂ ಸೇರುತ್ತವೆ. ನಮ್ಮ ಆಪನ್ನು ಮುಚ್ಚುತ್ತಿದ್ದದ್ದು ಕರೆಂಟು! ದಿನಕ್ಕೊಂದು ಸಾಲಿಗೆ 4 ಎಂಬಿ ತುಂಬುವುದು ಯಾವ ಕಾಲಕ್ಕೆ? ನಾನು ಮುಖ್ಯ ಫೈಲನ್ನಷ್ಟೇ ಕಾಪಿ ಮಾಡುತ್ತಿದ್ದೆ.

ಈಗ ಎಸ್‌ಕ್ಯುಲೈಟ್‌ನದೇ ಬ್ಯಾಕಪ್ ಕಮಾಂಡ್ ಓಡುತ್ತದೆ, ಭಾನುವಾರ ಕಾಪಿ ತೆರೆದು ಸಾಲು ಎಣಿಸುತ್ತೇನೆ. ಫೋಟೋಗಳಿಗೆ ಇಟ್ಟಿರುವ ಇಮ್ಮಿಚ್ ಅನ್ನುವ ಆಪ್‌ಗೆ ಪೋಸ್ಟ್‌ಗ್ರೆಸ್ಸೇ ಬೇಕು. ಅಲ್ಲಿ ಅದೇ ಇದೆ, ವರ್ಷನ್ ನಂಬರ್ ಸಮೇತ.

ಹೋದ ಮೂರು ವಾರವನ್ನು ಕ್ಯಾಲೆಂಡರ್ ನೋಡಿ ತುಂಬಿದೆವು. ಆಪ್ ಬಂದ ಮೇಲೂ ಅಪ್ಪ ಅದರಲ್ಲಿ ಬರೆಯುವುದನ್ನು ಬಿಟ್ಟಿರಲಿಲ್ಲ.