ಬೋರ್ಡಿನ ಮೇಲಿನ ಬಿಲ್

ನಮಗೆ ಬೈಬಲಿನ ಹೊಸ ಒಡಂಬಡಿಕೆ ಕಲಿಸಿದ ಮೇಷ್ಟ್ರು ತೀರಿಕೊಂಡರು ಅಂತ ಗೆಳೆಯನೊಬ್ಬ ಫೋನ್ ಮಾಡಿ ಹೇಳಿದ. ಅವರು ಕಲಿಸಿದ ಗ್ರೀಕ್ ವ್ಯಾಕರಣ ಒಂದಕ್ಷರವೂ ತಲೆಯಲ್ಲಿ ಉಳಿದಿಲ್ಲ. ಸೀಮೆಸುಣ್ಣ ಮೆತ್ತಿಕೊಂಡ ಅವರ ಬಲತೋಳು ಮಾತ್ರ ಕಣ್ಣಮುಂದೆ ಇದೆ.

ಅದರಲ್ಲಿ ಲೂಕ ಬರೆದ ಸುವಾರ್ತೆಯ 14ನೇ ಅಧ್ಯಾಯ ಅಂದರೆ ಅವರಿಗೆ ಪ್ರಾಣ. ಜನ ಗುಂಪುಗುಂಪಾಗಿ ಹಿಂದೆ ಬರುತ್ತಿದ್ದಾಗ ಯೇಸು ತಿರುಗಿ, ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ ಅಂತ ಕೇಳುವ ಜಾಗ ಅದು. "ಜನ ಸೇರಿಸೋ ಪ್ರಸಂಗ ಅಲ್ಲಪ್ಪ, ಕರಗಿಸೋದು" ಅನ್ನೋರು. ಬಾನ್‌ಹೋಫರ್ ಕಥೆಯೂ ಅಲ್ಲೇ ಬರುತ್ತಿತ್ತು. 1939ರಲ್ಲಿ ಹಿಟ್ಲರನ ಜರ್ಮನಿ ಬಿಟ್ಟು ನ್ಯೂಯಾರ್ಕ್ ಸೇರಿದ್ದ ಪಾದ್ರಿ, ತಿಂಗಳು ತುಂಬುವ ಮೊದಲೇ ವಾಪಸ್ ಹಡಗು ಹತ್ತಿದರು. 1945ರ ಏಪ್ರಿಲ್ 9ರಂದು ನಾಜಿಗಳು ಅವರನ್ನು ನೇಣಿಗೆ ಹಾಕಿದರು. ಆಗ ಅವರಿಗೆ 39. ನಮಗೆ ಅದು ಮುದುಕರ ವಯಸ್ಸು ಅನ್ನಿಸಿತ್ತು!

ಒಂದು ಬೆಳಿಗ್ಗೆ ಮೇಷ್ಟ್ರು ಬರುವ ಮೊದಲೇ ಬೋರ್ಡಿನ ಮೇಲೆ, ಯೇಸುವಿನ ಶಿಷ್ಯನಾಗೋ ಖರ್ಚಿನ ಒಂದು ಬಿಲ್ ಬರೆದೆ. ಕ್ಲಾಸಿಗೆಲ್ಲ ನನ್ನ ಅಕ್ಷರವೇ ಚೆನ್ನ, ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. 'ಶಿಲುಬೆ: 1. ಬಿಟ್ಟುಬಂದ ಬಲೆ: 2. ಭಾನುವಾರದ ನಿದ್ದೆ: ಪೂರ್ತಿ. ಒಟ್ಟು: ಸಾಲ ಇಲ್ಲ.'

ಮೇಷ್ಟ್ರು ಓದಿದರು. ಬರೆದವರು ಯಾರು ಅಂತ ಕೇಳಲಿಲ್ಲ. ಸೀಮೆಸುಣ್ಣ ತಗೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ಅಪ್ಪನ ಮಾತು: 11 ವರ್ಷ.' ಕ್ರೈಸ್ತ ದೀಕ್ಷಾಸ್ನಾನ ತಗೊಂಡ ದಿನದಿಂದ ಅವರ ತಂದೆ ಮಾತು ಬಿಟ್ಟಿದ್ದರು ಅನ್ನೋದು ನಮಗೆ ಗೊತ್ತಾಗಿದ್ದೇ ಆವತ್ತು. ಆಮೇಲೆ 'ಸಾಲ ಇಲ್ಲ' ಅನ್ನೋದನ್ನು ಅಂಗೈಯಿಂದ ಒರೆಸಿ, 'ಪ್ರತಿದಿನ' ಅಂತ ಬರೆದರು. "ಶಿಲುಬೆ ಹೊತ್ತು ಹಿಂದೆ ಬಾ ಅನ್ನೋ ಮಾತು ಮತ್ತಾಯ, ಮಾರ್ಕ ಇಬ್ಬರಲ್ಲೂ ಇದೆ. ಪ್ರತಿದಿನ ಅನ್ನೋದು ಲೂಕನಲ್ಲಿ ಮಾತ್ರ. 9ನೇ ಅಧ್ಯಾಯ, 23ನೇ ವಚನ. ತೆಗೀರಿ."

ಪುಟ ತಿರುಗಿಸುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಈಗಿನ ಪಾಠಪಟ್ಟಿಯಲ್ಲಿ 'ನಾಯಕತ್ವ'ಕ್ಕೇ ಜಾಗ ಜಾಸ್ತಿಯಂತೆ. ಶಿಷ್ಯತ್ವಕ್ಕೆ ಎರಡು ದಿನದ ಶಿಬಿರ. ಎಲ್ಲರೂ ನಾಯಕರಾದರೆ ಹಿಂದೆ ನಡೆಯೋರು ಯಾರು, ಅಲ್ವಾ?

ಅವರನ್ನು ಕೊನೆಗೆ ನೋಡಿದ್ದು ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ. ನನ್ನ ಚರ್ಚಿನ ಸಭೆ ಬೆಳೆದದ್ದು, ಹೊಸ ಕಟ್ಟಡ ಎದ್ದದ್ದು, ಹೊರದೇಶದಲ್ಲಿ ನಾನು ಮಾತಾಡಿದ್ದು ಎಲ್ಲ ಹೇಳಿದೆ. ಸ್ವಲ್ಪ ಜಾಸ್ತಿಯೇ ಹೇಳಿದೆ ಅನ್ನಿ. ಸುಮ್ನೆ ಕೇಳಿಸಿಕೊಂಡರು.

"ಸಂತೋಷ ಕಣಪ್ಪ. ಬಂದದ್ದೆಲ್ಲ ಹೇಳಿದೆ. ಖರ್ಚು?"

ಅಷ್ಟರಲ್ಲಿ ಯಾರೋ ಊಟಕ್ಕೆ ಕರೆದರು. ಬಚಾವಾದೆ.