ಕುತ್ತಿಗೆ ಬಿಚ್ಚುವ ಬೇಸ್

ಚಿಕ್ಕಬಳ್ಳಾಪುರ
9 ನವೆಂಬರ್ 2024, ಶನಿವಾರ

ಬೆಳಿಗ್ಗೆಯಿಂದ ಟೇಪು ಹಿಡಿದುಕೊಂಡೇ ಕೂತಿದ್ದೇನೆ. ಡಿಸೆಂಬರಿನಲ್ಲಿ ಶಿಲಾಂಗ್‌ನಲ್ಲಿ ನಮ್ಮ ಬ್ಯಾಂಡಿನ ಕಾರ್ಯಕ್ರಮ. ದೇವನಹಳ್ಳಿಯಿಂದ ಗುವಾಹಟಿಗೆ ವಿಮಾನ, ಅಲ್ಲಿಂದ ಸುಮಾರು 100 ಕಿ.ಮೀ. ಬೆಟ್ಟದ ದಾರಿ. ಈ ಸಲ ನನ್ನ ದೊಡ್ಡ ಡಬಲ್ ಬೇಸ್, ಅಂದರೆ ನಿಲ್ಲಿಸಿಕೊಂಡು ನುಡಿಸುವ ಆಳೆತ್ತರದ ಪಿಟೀಲಿನಂಥ ವಾದ್ಯ, ಮನೆಯಲ್ಲೇ ಇರಲಿ ಅಂತ ತೀರ್ಮಾನಿಸಿದ್ದೇನೆ.

ಹೋದ ವರ್ಷ ಅದನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದೆ. ವಾದ್ಯ 10 ಕೆ.ಜಿ., ಪೆಟ್ಟಿಗೆ ಸೇರಿದರೆ 40ರ ಹತ್ತಿರ. ಇಳಿದು ತೆರೆದು ನೋಡಿದರೆ ಕುತ್ತಿಗೆಯ ಬುಡದಲ್ಲಿ ಬಿರುಕು. ಉಗುರು ಸಿಕ್ಕಿಕೊಳ್ಳುವಷ್ಟು. ಅಂಟು ಹಾಕಿಸಿ ಸರಿಮಾಡಿಸಿದ್ದೇನೆ, ಆದರೂ ಇವತ್ತಿಗೂ ಅಲ್ಲಿ ಕೈ ಹೋದರೆ ಹೊಟ್ಟೆ ಕಿವುಚುತ್ತದೆ.

ಲೆಕ್ಕ ಹೀಗಿದೆ. ಬಹಳಷ್ಟು ವಿಮಾನಗಳಲ್ಲಿ ಲಗೇಜಿನ ಉದ್ದ, ಅಗಲ, ಎತ್ತರ ಕೂಡಿಸಿದರೆ 158 ಸೆಂ.ಮೀ. ದಾಟಬಾರದು. ನನ್ನ ಬೇಸಿನ ತಂತಿಯೇ 105 ಸೆಂ.ಮೀ. ತಂತಿಯ ಉದ್ದ ಕಡಿಮೆ ಮಾಡದೆ ಚೀಲ ಚಿಕ್ಕದಾಗಬೇಕು ಅಂದರೆ ಕುತ್ತಿಗೆ ಬಿಚ್ಚಲೇಬೇಕು.

ಕುತ್ತಿಗೆ ಬಿಚ್ಚುವ ಮರದ ಬೇಸ್‌ಗಳೂ ಇವೆ. ಮನಸ್ಸು ಮೊದಲು ಅತ್ತಲೇ ಹೋಗಿತ್ತು. ಆದರೆ ಹೊಟ್ಟೆ ಭಾಗವೊಂದೇ 110 ಸೆಂ.ಮೀ. ಉದ್ದ, 65 ಅಗಲ. ಅಷ್ಟಕ್ಕೇ 158 ದಾಟಿತು. ಜೊತೆಗೆ ಒಳಗೆ ಸೌಂಡ್ ಪೋಸ್ಟ್ ಅಂತ ಒಂದು ಮರದ ಕಡ್ಡಿ ನಿಂತಿರುತ್ತದೆ. ಅದಕ್ಕೆ ಅಂಟಿಲ್ಲ, ತಂತಿಗಳ ಬಿಗಿಯಲ್ಲೇ ನಿಂತಿರುವುದು. ತಂತಿ ಪೂರ್ತಿ ಸಡಿಲಿಸಿದರೆ ತಂತಿಗಳನ್ನು ಹೊತ್ತು ನಿಲ್ಲುವ ಮರದ ಕುದುರೆಯೂ ಜಾರುತ್ತದೆ, ಕಡ್ಡಿಯೂ ಬೀಳಬಹುದು. ಕಾರ್ಯಕ್ರಮಕ್ಕೆ ಎರಡು ಗಂಟೆ ಮೊದಲು ಆ ಕಡ್ಡಿ ನಿಲ್ಲಿಸುತ್ತಾ ಕೂರುವುದು ನನ್ನ ಕೈಲಾಗದು. ವೀಣೆಯವರಿಗೂ ಇಂಥದ್ದೇ ಸಂಕಟ, ಅಲ್ವಾ? ಮೆಟ್ಟಿಲು ಕೂರಿಸಿದ ಮೇಣಕ್ಕೆ ಬಿಸಿಲು ತಾಕಿದರೆ ಮುಗಿಯಿತು.

ನಿನ್ನೆ ಬೆಂಗಳೂರಿನಲ್ಲಿ ಒಬ್ಬರ ಮನೆಗೆ ಹೋಗಿ ಎಲೆಕ್ಟ್ರಿಕ್ ಅಪ್‌ರೈಟ್, ಅಂದರೆ ನಿಲ್ಲಿಸಿ ನುಡಿಸುವ ವಿದ್ಯುತ್ ಬೇಸ್, ನುಡಿಸಿ ನೋಡಿದೆ. ಸಣ್ಣ ಒಡಲು, ಬೋಲ್ಟಿನ ಕುತ್ತಿಗೆ. ಬಿಚ್ಚಿದರೆ ಚೀಲ 95, 35, 20. ಒಟ್ಟು 150. ತೂಕವೂ 15 ಕೆ.ಜಿ. ಒಳಗೇ ಬರುತ್ತದೆ.

ಕಣ್ಣು ಮುಚ್ಚಿ ಎಲ್ಲಕ್ಕಿಂತ ತೆಳುವಾದ ‘ಜಿ’ ತಂತಿಯ ಮೇಲೆ ಕೈ ಕೆಳಗಿಳಿಸಿದೆ. ನನ್ನ ಬೇಸಿನಲ್ಲಿ ಹೆಬ್ಬೆರಳು ಕುತ್ತಿಗೆಯ ಬುಡಕ್ಕೆ ತಾಗಿ ನಿಂತಾಗ ತೋರುಬೆರಳಿನ ಕೆಳಗೆ ಡಿ ಸ್ವರ ಇರುತ್ತದೆ. ಮೆಟ್ಟಿಲಿಲ್ಲದ ವಾದ್ಯದಲ್ಲಿ ಅದೇ ನನಗೆ ದಾರಿಯ ಗುರುತು. ಹೆಬ್ಬೆರಳು ತಾಗಿತು. ಕಮಾನು ಎಳೆದೆ. ಡಿ ಅಲ್ಲೇ ಇತ್ತು! ಇನ್ನೊಂದು ಗಿಡ್ಡ ತಂತಿಯ ವಾದ್ಯವೂ ಅಲ್ಲಿತ್ತು. ಒಯ್ಯೋಕೆ ಇನ್ನೂ ಸುಲಭ, ಆದರೆ ಪ್ರತಿ ಸ್ವರವೂ ಸ್ವಲ್ಪ ಸ್ವಲ್ಪ ಮೇಲೆ ಹೋಗುತ್ತಿತ್ತು. ಇಪ್ಪತ್ತು ವರ್ಷ ಕಲಿತ ಕೈಗೆ ಒಂದು ಪ್ರವಾಸಕ್ಕೋಸ್ಕರ ಬೇರೆ ಅಳತೆ ಕಲಿಸುವುದು ಬೇಡ.

ಒಂದು ಮಾತ್ರ ಸಿಗಲಿಲ್ಲ. ದೊಡ್ಡ ಬೇಸಿನಲ್ಲಿ ಎಲ್ಲಕ್ಕಿಂತ ದಪ್ಪನೆಯ ‘ಇ’ ತಂತಿ ಮೀಟಿದರೆ ಪಕ್ಕೆಲುಬಿಗೆ ಕೇಳಿಸುತ್ತದೆ. ಇದರಲ್ಲಿ ಸದ್ದು ಆಂಪ್ಲಿಫೈಯರಿನಿಂದ ಬರುತ್ತದೆ, ಮೈಗೆ ಏನೂ ಇಲ್ಲ. ಅದಕ್ಕೆ ಬೇಜಾರಿದೆ. ಆದರೂ ಅಡ್ವಾನ್ಸ್ ಕೊಟ್ಟು ಬಂದೆ.

ಸಂಜೆ ಬಿ.ಬಿ. ರಸ್ತೆಯಲ್ಲಿ ಕಮಾನಿಗೆ 80 ಸೆಂ.ಮೀ. ಪಿವಿಸಿ ಪೈಪು ಕತ್ತರಿಸಿಕೊಂಡು ಬಂದೆ. ಒಳಗೆ ಸುತ್ತಲು ಅಮ್ಮ ತಮ್ಮ ಹಳೇ ಹತ್ತಿ ಸೀರೆ ಹರಿದು ಕೊಟ್ಟರು. "ದೊಡ್ಡದನ್ನ ಮೂಲೇಲಿ ನಿಲ್ಲಿಸ್ಬೇಡ ಕಣೋ, ಅಲ್ಲಿ ಗೋಡೆ ತಂಪು," ಅಂದರು. ಎತ್ತಿ ನಡುಮನೆಗೆ ತಂದಿಟ್ಟಿದ್ದೇನೆ.