ಎಲೆ ಹಾಕಿದ್ದನ್ನೇ ಊಟ ಅಂದುಕೊಂಡಿದ್ದೆ

ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಸ್ಟ್ಯಾಂಡಪ್ ಮೀಟಿಂಗ್ ಮುಗಿಸಿ ಕಾಫಿಗೆ ಏಳಬೇಕು ಅನ್ನುವಷ್ಟರಲ್ಲಿ ಮ್ಯಾನೇಜರ್ ಎಲ್ಲ ಟೀಮ್‌ಗಳೂ ಸೇರುವ ಬ್ರಿಡ್ಜ್ ಕಾಲ್‌ಗೆ ಎಳೆದುಕೊಂಡರು. ಡೀಲರ್‌ಗಳಿಗೆ ಆ್ಯಪಿನಲ್ಲಿ ಸ್ಟೇಟ್‌ಮೆಂಟ್ ತೆರೆಯುತ್ತಿಲ್ಲ, 'ಮತ್ತೊಮ್ಮೆ ಪ್ರಯತ್ನಿಸಿ' ಅಂತ ಬರುತ್ತಿದೆ. ಸೆವ್ ಒನ್, ಅಂದರೆ ಅತಿ ಗಂಭೀರ ದರ್ಜೆಯ ತೊಂದರೆ. ಕಾಲ್‌ನಲ್ಲಿ ಇಪ್ಪತ್ತಮೂರು ಜನ, ಬಾಯಿ ಬಿಡುತ್ತಿದ್ದವರು ನಾಲ್ವರು.

ಮೊಬೈಲ್ ಟೀಮ್ ಎಪಿಐ (ಆ್ಯಪ್ ಸರ್ವರ್‌ನಿಂದ ಮಾಹಿತಿ ಕೇಳುವ ದಾರಿ) ನಿಧಾನ ಅಂದಿತು. ಬ್ಯಾಕೆಂಡ್‌ನವರು ಲಾಗ್ ತುಂಬ ಬರೀ 200 (ಅಂದರೆ 'ಎಲ್ಲ ಸರಿ' ಅನ್ನುವ ಸ್ಟೇಟಸ್) ಅಂದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪ್ರೀಪ್ರಾಡ್ ಅನ್ನುವ ತಾಲೀಮು ಸರ್ವರ್‌ನಲ್ಲಿ ರಾತ್ರಿ ತಾನಾಗಿ ಓಡುವ ಟೆಸ್ಟ್‌ಗಳನ್ನು ('ನೈಟ್ಲಿ') ಬರೆದವನು ನಾನು. ಯಾರೂ ಕರೆಯದಿದ್ದರೂ ಅನ್‌ಮ್ಯೂಟ್ ಮಾಡಿಕೊಂಡೆ.

"ನೈಟ್ಲಿಯಲ್ಲಿ ಪ್ರತಿ ಎಪಿಐಗೂ ರೆಸ್ಪಾನ್ಸ್ ಟೈಮ್ ಚೆಕ್ ಇದೆ. ಲಿಮಿಟ್ ಎರಡು ಸೆಕೆಂಡ್. ನಿನ್ನೆ ರಾತ್ರಿ ಪ್ರೀಪ್ರಾಡ್‌ನಲ್ಲಿ ಸ್ಟೇಟ್‌ಮೆಂಟ್ ಎಪಿಐ ತಗೊಂಡಿದ್ದು 410 ಮಿಲಿಸೆಕೆಂಡ್. ನಾಲ್ಕು ತಿಂಗಳಿಂದ ಒಂದು ದಿನವೂ ಕೆಂಪಾಗಿಲ್ಲ. ಆ್ಯಪ್ ಕಡೆ ನೋಡಿಕೊಳ್ಳಿ."

ಕೊನೇ ವಾಕ್ಯ ಬೇಕಿರಲಿಲ್ಲ. ಅಷ್ಟು ಸಾಲದು ಅಂತ ಸ್ಕ್ರೀನ್ ಬೇರೆ ಶೇರ್ ಮಾಡಿದೆ. ಹಸಿರು ಸಾಲುಗಳು, ಗದ್ದೆಯ ಹಾಗೆ.

ಮೊಬೈಲ್ ಟೀಮಿನ ಹುಡುಗಿ ಕೇಳಿದಳು. ಸೇರಿ ಎಂಟು ತಿಂಗಳಾಗಿತ್ತಷ್ಟೆ. "ಪಕ್ಕದ ಕಾಲಮ್‌ನಲ್ಲಿ 43 ಅಂತಿದೆಯಲ್ಲ, ಅದೇನು?"

"ಅದು ಟೆಸ್ಟ್ ಕೇಸ್ ಡ್ಯೂರೇಷನ್. ಸೆಟಪ್, ಲಾಗಿನ್ ಟೋಕನ್ ತರೋದು ಎಲ್ಲ ಸೇರುತ್ತೆ."

"ಟೋಕನ್ ತರೋಕೆ ನಲವತ್ತೆರಡು ಸೆಕೆಂಡಾ?"

ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳಿದ್ದಳು. ಅದೇ ಹೆಚ್ಚು ಚುಚ್ಚಿದ್ದು. ಆ ಕಾಲಮ್ಮನ್ನು ನಾಲ್ಕು ತಿಂಗಳಿಂದ ದಿನಾ ನೋಡುತ್ತಿದ್ದೆ. ಪಕ್ಕದ ಸಾಲಿನಲ್ಲಿ ಅದೇ ಟೋಕನ್ ಬಳಸುವ ಇನ್ನೊಂದು ಕೇಸ್ 1.2 ಅಂತ ತೋರಿಸುತ್ತಿತ್ತು. ಇಪ್ಪತ್ತಮೂರು ಜನ ಅದನ್ನೇ ನೋಡುತ್ತಿದ್ದರು, ನನ್ನ ಮೌಸ್ ಸುಮ್ಮನೆ ಆಚೆ ಈಚೆ ಓಡಾಡುತ್ತಿತ್ತು.

ಮುಂದಿನ ಐದು ನಿಮಿಷ ಅವಳದ್ದೇ. ತನ್ನ ಟರ್ಮಿನಲ್ ಶೇರ್ ಮಾಡಿ ಅದೇ ಪ್ರೀಪ್ರಾಡ್ ಅಕೌಂಟ್‌ಗೆ ಕರ್ಲ್ ಕಮಾಂಡಿನಿಂದ ನೇರ ರಿಕ್ವೆಸ್ಟ್ ಹೊಡೆದಳು. ಕರ್ಸರ್ ಮಿಣುಕುತ್ತಾ ನಿಂತಿತು. ಯಾರೋ ಮ್ಯೂಟ್ ಮಾಡಲು ಮರೆತಿದ್ದರು, ಅವರ ಮನೆಯ ಕುಕ್ಕರ್ ಎರಡು ಸಲ ಕೂಗಿತು. ಕೊನೆಗೆ ಬಂದ ಸಾಲು: ಸ್ಟಾರ್ಟ್ ಟ್ರಾನ್ಸ್‌ಫರ್ (ಮೊದಲ ಬೈಟ್ ಬಂದದ್ದು) 0.41, ಟೋಟಲ್ 43.27 ಸೆಕೆಂಡ್. ನನ್ನ 410 ಮಿಲಿಸೆಕೆಂಡ್ ಸುಳ್ಳಲ್ಲ. ಅದು ನಿಂತದ್ದು ತಪ್ಪು ಜಾಗದಲ್ಲಿ.

ಬಂದ ಬಾಡಿಯನ್ನು, ಅಂದರೆ ಉತ್ತರದ ಮುಖ್ಯ ಭಾಗವನ್ನು, ಹೆಕ್ಸ್‌ನಲ್ಲಿ (ಬೈಟ್‌ಗಳ ಸಂಕೇತ ರೂಪದಲ್ಲಿ) ತೆರೆದಳು. ಮೊದಲ ಬೈಟ್‌ಗಳು 20, 20, 20, 20. ಆಮೇಲೆ 7ಬಿ, ಅಂದರೆ ಡೇಟಾ ಬರುವ ಜೇಸನ್ ಫಾರ್ಮ್ಯಾಟಿನ ಆರಂಭದ ಬ್ರಾಕೆಟ್. ಅದಕ್ಕೂ ಮೊದಲು ನಾಲ್ಕು ಖಾಲಿ ಸ್ಪೇಸ್.

ಅಷ್ಟು ಹೊತ್ತು ಸುಮ್ಮನಿದ್ದ ಬ್ಯಾಕೆಂಡ್‌ನ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. "ಅದು ನಮ್ಮದೇ." ಸರ್ವರ್‌ಗಳ ಮುಂದೆ ಕೂತು ರಿಕ್ವೆಸ್ಟ್ ಹಂಚುವ ಲೋಡ್ ಬ್ಯಾಲೆನ್ಸರ್‌ನ ಐಡಲ್ ಟೈಮ್‌ಔಟ್, ಅಂದರೆ ಡೇಟಾ ಓಡಾಡದೆ ಸುಮ್ಮನಿರಬಹುದಾದ ಮಿತಿ, 60 ಸೆಕೆಂಡ್. ದೊಡ್ಡ ಡೀಲರ್‌ಗಳ ಸ್ಟೇಟ್‌ಮೆಂಟ್ ತಯಾರಾಗಲು ಅದಕ್ಕಿಂತ ಹೆಚ್ಚು ಹಿಡಿದಾಗ ಕನೆಕ್ಷನ್ ಕಡಿದುಹೋಗುತ್ತಿತ್ತು. ಅದಕ್ಕೆ ಹಿಂದೆ ಯಾರೋ ಒಂದು ಉಪಾಯ ಮಾಡಿದ್ದರು: ರಿಕ್ವೆಸ್ಟ್ ಬಂದ ಕೂಡಲೇ 200 ಮತ್ತು ಹೆಡರ್ (ಉತ್ತರದ ತಲೆಬರಹ) ಕಳಿಸಿಬಿಡುವುದು, ಡೇಟಾಬೇಸ್ ಕ್ವೆರಿ ಮುಗಿಯುವ ತನಕ ಹತ್ತು ಸೆಕೆಂಡಿಗೊಂದು ಸ್ಪೇಸ್ ತಳ್ಳುತ್ತಿರುವುದು. ಜೇಸನ್ನಿನ ಮುಂದೆ ಎಷ್ಟು ಸ್ಪೇಸ್ ಇದ್ದರೂ ಅದನ್ನು ಓದುವ ಪಾರ್ಸರ್ ತಕರಾರು ಮಾಡುವುದಿಲ್ಲ. ಮಾಡಿದವರು ಕೆಲಸ ಬಿಟ್ಟು ಹೋಗಿದ್ದಾರೆ. ಕೋಡ್‌ನಲ್ಲಿ ಒಂದು ಕಾಮೆಂಟ್ ಇದೆ, ಬೇರೆಲ್ಲೂ ಏನೂ ಇಲ್ಲ. ಮಧ್ಯದಲ್ಲಿ ಕ್ವೆರಿ ಸತ್ತರೂ ಲಾಗ್‌ನಲ್ಲಿ 200 ಎಂದೇ ಇರುತ್ತದೆ, ಒಮ್ಮೆ ಕಳಿಸಿದ ಸ್ಟೇಟಸ್ಸನ್ನು ವಾಪಸ್ ಪಡೆಯಲಾಗುವುದಿಲ್ಲವಲ್ಲ.

ನಮ್ಮ ಲೀಡ್ ಮಂಡ್ಯ ಕಡೆಯವರು. "ಪಂಕ್ತೀಲಿ ಕೂರಿಸಿ ಎಲೆ ಹಾಕಿ ಉಪ್ಪು ಬಡಿಸಿದ್ದಾರೆ. ಎದ್ದು ಹೋಗದಿರಲಿ ಅಂತ ಹತ್ತು ನಿಮಿಷಕ್ಕೊಮ್ಮೆ ಬಂದು ಲೋಟಕ್ಕೆ ನೀರು ಬಿಟ್ಟು ಹೋಗ್ತಿದ್ದಾರೆ. ನೀನು ಎಲೆ ಬಿದ್ದಾಗಲೇ ಊಟ ಆಯ್ತು ಅಂತ ಬರ್ಕೊಂಡಿದ್ದೀಯ" ಅಂದರು. ಕಾಲ್‌ನಲ್ಲಿ ನಗು. ನಾನೂ ನಕ್ಕೆ, ಇಂಗು ತಿಂದ ಮಂಗನ ಹಾಗೆ.

ನಮ್ಮ ಟೆಸ್ಟ್ ಸ್ಯೂಟ್ ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ ಮೇಲೆ ನಿಂತಿದೆ. ಚೆಕ್ ಬರೆದಿದ್ದು ರೆಸ್ಪಾನ್ಸ್‌ನ 'ಇಲ್ಯಾಪ್ಸ್ಡ್' ಮೇಲೆ. ಆ ಗಡಿಯಾರ ಹೆಡರ್ ಓದಿ ಮುಗಿದ ಕ್ಷಣಕ್ಕೆ ನಿಲ್ಲುತ್ತದೆ, ಬಾಡಿ ಅದರ ಲೆಕ್ಕದಲ್ಲೇ ಇಲ್ಲ. ಡಾಕ್ಯುಮೆಂಟೇಷನ್‌ನಲ್ಲಿ ಇದು ಸ್ಪಷ್ಟವಾಗಿದೆ. ನಾನು ಹೆಸರು ಓದಿ ಅರ್ಥ ಮಾಡಿಕೊಂಡಿದ್ದೆ, ವಿವರಣೆ ಓದಿರಲಿಲ್ಲ. ಮೊಬೈಲ್‌ನವರು ಹೋದ ರಿಲೀಸ್‌ನಲ್ಲಿ ತಮ್ಮ ನೆಟ್‌ವರ್ಕ್ ಲೈಬ್ರರಿ ಓಕೆಎಚ್‌ಟಿಟಿಪಿಯಲ್ಲಿ ಕಾಲ್ ಟೈಮ್‌ಔಟ್ 30 ಸೆಕೆಂಡ್ ಇಟ್ಟಿದ್ದರು. ಡಿಫಾಲ್ಟ್‌ನಲ್ಲಿ ಅದು ಸೊನ್ನೆ, ಅಂದರೆ ಮಿತಿಯೇ ಇಲ್ಲ. ಇಟ್ಟರೆ ಶುರುವಿನಿಂದ ಬಾಡಿಯ ಕೊನೇ ಬೈಟ್ ತನಕ ಎಲ್ಲವನ್ನೂ ಎಣಿಸುತ್ತದೆ. ಹಿಂದೆ ಡೀಲರ್‌ಗಳು ತಿರುಗುವ ಚಕ್ರ ನೋಡುತ್ತಾ ಕೂರುತ್ತಿದ್ದರು, ಈಗ ಎರರ್ ನೋಡಿದರು. (ಸೋತ ರಿಕ್ವೆಸ್ಟನ್ನು ಆ್ಯಪ್ ಮೂರು ಸಲ ರೀಟ್ರೈ ಮಾಡಿ ಡೇಟಾಬೇಸ್ ಮೇಲೆ ಇನ್ನೂ ಮೂರು ಅದೇ ಕ್ವೆರಿ ಹೇರುತ್ತಿತ್ತು. ಅದು ಅವರ ಪಾಪ, ಅವರೇ ಬರೆದುಕೊಳ್ಳಲಿ.)

ಆದರೆ ರಾತ್ರಿ ಮಲಗಿದಾಗ ಕಾಡಿದ್ದು ಬೇರೆ. ಆರು ವಾರ ಹಿಂದೆ ಒಂದು ನೈಟ್ಲಿ ಬಿಲ್ಡ್ ಇದೇ ಕೇಸ್‌ನಲ್ಲಿ ಆರು ಗಂಟೆ ಸಿಕ್ಕಿಕೊಂಡಿತ್ತು. ಬೆಳಿಗ್ಗೆ ಅಬಾರ್ಟ್ ಮಾಡಿ ರೀರನ್ ಕೊಟ್ಟೆ, ಪಾಸಾಯಿತು. ಟಿಕೆಟ್‌ನಲ್ಲಿ 'ಜೆಂಕಿನ್ಸ್ ಏಜೆಂಟ್ ಸಮಸ್ಯೆ' ಅಂತ, ಅಂದರೆ ಟೆಸ್ಟ್ ಓಡಿಸುವ ಮಷಿನ್‌ನದೇ ತಪ್ಪು ಅಂತ, ಬರೆದೆ. ಪಾಪ, ಆ ಮಷಿನ್‌ಗಳನ್ನು ನೋಡಿಕೊಳ್ಳುವ ಡೆವಾಪ್ಸ್ ಹುಡುಗ ನಂಬಿ ಏಜೆಂಟ್‌ಗೆ ಮೆಮೊರಿ ಹೆಚ್ಚಿಸಿಕೊಟ್ಟ. 'ನಮ್ಮಲ್ಲಿ ಟೈಮ್‌ಔಟ್ 30 ಇದೆ, ಹ್ಯಾಂಗ್ ಆಗೋಕೆ ಸಾಧ್ಯವೇ ಇಲ್ಲ' ಅಂತ ಅವನಿಗೆ ದಬಾಯಿಸಿದ್ದೂ ನೆನಪಿದೆ.

ರಿಕ್ವೆಸ್ಟ್ಸ್‌ಗೆ ಟೈಮ್‌ಔಟ್ ಕೊಡದಿದ್ದರೆ ಅನಂತಕಾಲ ಕಾಯುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಅದಕ್ಕೇ ಜಾಣನ ಹಾಗೆ ಎರಡು ಸಂಖ್ಯೆ ಕೊಟ್ಟಿದ್ದೆ: ಕನೆಕ್ಟ್‌ಗೆ 3.05, ರೀಡ್‌ಗೆ 30. ಆ 3.05 ಡಾಕ್ಯುಮೆಂಟೇಷನ್‌ನಿಂದಲೇ ಎತ್ತಿದ್ದು. ಟಿಸಿಪಿ ಪ್ಯಾಕೆಟ್ ಮರಳಿ ಕಳಿಸುವ ಅವಧಿಯ ಗುಣಕಕ್ಕಿಂತ ತುಸು ಹೆಚ್ಚಿಗೆ ಇಡಿ ಅನ್ನುತ್ತದೆ. ಕೋಡ್ ರಿವ್ಯೂನಲ್ಲಿ ಯಾರಾದರೂ ಕೇಳಲಿ, ವಿವರಿಸೋಣ ಅಂತ ಕಾದಿದ್ದೆ. ಅದೇ ಡಾಕ್ಯುಮೆಂಟೇಷನ್‌ನಲ್ಲಿ, ರೀಡ್ ಟೈಮ್‌ಔಟ್ ಅಂದರೆ ಪೂರ್ತಿ ಡೌನ್‌ಲೋಡ್‌ನ ಮಿತಿಯಲ್ಲ, ಒಂದು ಬೈಟೂ ಬಾರದೆ ಕಳೆಯುವ ಮೌನದ ಮಿತಿ ಅಂತಲೂ ಇದೆ. ಅವತ್ತು ಪ್ರೀಪ್ರಾಡ್‌ನಲ್ಲಿ ಕ್ವೆರಿ ಯಾವುದೋ ಲಾಕ್‌ಗೆ ಸಿಕ್ಕಿತ್ತು. ಸರ್ವರ್ ಹತ್ತು ಸೆಕೆಂಡಿಗೊಂದು ಸ್ಪೇಸ್ ಕಳಿಸುತ್ತಲೇ ಇತ್ತು, ನನ್ನ ಮೂವತ್ತು ಪ್ರತಿ ಸಲ ಸೊನ್ನೆಯಿಂದ ಶುರುವಾಗುತ್ತಿತ್ತು. ಆರು ಗಂಟೆ.

ಸರಿಪಡಿಸಿದ್ದು ಅರ್ಧ ದಿನದ ಕೆಲಸ. ಸ್ಟ್ರೀಮ್ ಆನ್ ಮಾಡಿ ಬಾಡಿಯನ್ನು ತುಂಡು ತುಂಡಾಗಿ ಓದುವುದು, ಪ್ರತಿ ತುಂಡಿಗೂ ಒಟ್ಟು ಗಡುವು ಮೀರಿತೇ ಅಂತ ನೋಡುವುದು. ಮೊದಲ ಉತ್ತರಕ್ಕೊಂದು ಲಿಮಿಟ್, ಪೂರ್ತಿ ಉತ್ತರಕ್ಕೊಂದು ಲಿಮಿಟ್, ರಿಪೋರ್ಟ್‌ನಲ್ಲಿ ಎರಡಕ್ಕೂ ಕಾಲಮ್. ಕನೆಕ್ಟ್ ಟೈಮ್‌ಔಟ್ ಆದರೆ ಎನ್ವಿರಾನ್ಮೆಂಟ್ ಖಾತೆಗೆ, ರೀಡ್ ಟೈಮ್‌ಔಟ್ ಆದರೆ ಡಿಫೆಕ್ಟ್. ಡೇಟಾ ಬರೆಯುವ ಪೋಸ್ಟ್ ರಿಕ್ವೆಸ್ಟ್‌ನಲ್ಲಿ ರೀಡ್ ಟೈಮ್‌ಔಟ್ ಆದರೆ ರೀಟ್ರೈ ಇಲ್ಲ, ಆರ್ಡರ್ ಆಚೆ ಕಡೆ ಆಗಲೇ ದಾಖಲಾಗಿರಬಹುದು. ಇದೆಲ್ಲ ಕೈಕೊಟ್ಟರೆ ಬೇಲಿಯಾಗಿ ಟೆಸ್ಟ್ ಓಡಿಸುವ ಪೈಟೆಸ್ಟ್‌ಗೊಂದು ಟೈಮ್‌ಔಟ್, ಜೆಂಕಿನ್ಸ್ ಪೈಪ್‌ಲೈನ್‌ಗೂ ಒಂದು.

'ರೆಸ್ಪಾನ್ಸ್ ಟೈಮ್ ಎರಡು ಸೆಕೆಂಡ್' ಅಂತ ಎನ್‌ಎಫ್‌ಆರ್ (ವೇಗ, ಭದ್ರತೆಯಂಥ ಅಪೇಕ್ಷೆಗಳ) ಡಾಕ್ಯುಮೆಂಟ್‌ನಲ್ಲಿ ಬರೆದವರು ಯಾವುದರಿಂದ ಯಾವುದಕ್ಕೆ ಅಂತ ಬರೆಯಲಿಲ್ಲ. ಕೇಳಬೇಕಾದ ನಾನೂ ಕೇಳಲಿಲ್ಲ. ಮ್ಯಾನೇಜ್‌ಮೆಂಟ್‌ಗೆ ಮಾತ್ರ ಆರ್‌ಸಿಎ (ಮೂಲಕಾರಣದ ವರದಿ) ಬೇಕಿತ್ತು, ಐದು 'ಯಾಕೆ'ಗಳ ಟೆಂಪ್ಲೇಟ್‌ನಲ್ಲೇ. ನನ್ನ ಉತ್ತರ ಎರಡನೇ 'ಯಾಕೆ'ಗೇ ಮುಗಿದಿತ್ತು, ಉಳಿದ ಮೂರನ್ನು ಹೇಗೋ ತುಂಬಿದೆ. ಜೊತೆಗೆ ಹೊಸ ಮಾನಿಟರಿಂಗ್ ಟೂಲ್‌ನ ಡೆಮೊಗೆ ಎರಡು ಗಂಟೆ ಕೂರಿಸಿದರು. ಅದು ಏನನ್ನು ಅಳೆಯುತ್ತದೆ ಅಂತ ಕೇಳಿದೆ. ಸೇಲ್ಸ್‌ನವರು ವಾಪಸ್ ಬಂದು ತಿಳಿಸುತ್ತೇವೆ ಅಂದರು.

ಹೊಸ ಚೆಕ್ ಹಾಕಿದ ಮರುದಿನದಿಂದ ಸ್ಟೇಟ್‌ಮೆಂಟ್ ಎಪಿಐ ದಿನಾ ಕೆಂಪು. ಹದಿನಾಲ್ಕನೇ ದಿನ ಮ್ಯಾನೇಜರ್ ಡೆಸ್ಕ್ ಹತ್ತಿರ ಬಂದು, ಕ್ಲೈಂಟ್‌ಗೆ ಹೋಗುವ ಡ್ಯಾಶ್‌ಬೋರ್ಡ್ ಚೆನ್ನಾಗಿ ಕಾಣಿಸುತ್ತಿಲ್ಲ, ಲಿಮಿಟ್ ಎರಡರಿಂದ ನಲವತ್ತೈದು ಮಾಡೋಕಾಗುತ್ತಾ ಅಂತ ಮೆಲ್ಲಗೆ ಕೇಳಿದರು. ಟಿಕೆಟ್ ನನ್ನ ಹೆಸರಿನಲ್ಲಿದೆ. ಇನ್ನೂ ಮುಟ್ಟಿಲ್ಲ.